ಕ್ಲಚ್ ಪ್ಲೇಟ್ ತರುವ ಮೊದಲು ಟ್ರ್ಯಾಕ್ಟರಿನ ಕೆಳಗೊಮ್ಮೆ ಬಗ್ಗಿ ನೋಡಿ

ಕೇಳಿದವರು, ಸಿಂಧನೂರು ಕಡೆಯಿಂದ:
35 ಎಚ್‌ಪಿಯ ಹಳೆಯ ಟ್ರ್ಯಾಕ್ಟರ್. ಭತ್ತದ ಚೀಲ ತುಂಬಿದ ಟ್ರೇಲರ್ ಎಳೆಯುವಾಗ ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟನ್ನು ಎರಡು ವರ್ಷದ ಹಿಂದಷ್ಟೇ ಹಾಕಿಸಿದ್ದೆ. ಮತ್ತೆ ಅದೊಂದನ್ನೇ ಬದಲಿಸಿದರೆ ಸಾಕೇ?

ಗಂಗಾವತಿಯಿಂದ:
ಸಾಲದು. ಹಾಗೆ ಮಾಡಿಯೇ ನಾನು ಎರಡು ಪ್ಲೇಟ್ ಕಳೆದುಕೊಂಡೆ. ಮೊದಲು ಪೆಡಲ್ ನೋಡಿ. ಒತ್ತಿದಾಗ ಸ್ವಲ್ಪ ದೂರ ಬರಿದೇ ಇಳಿಯಬೇಕು. ಆ ಆಟ ಇಲ್ಲದಿದ್ದರೆ ಪೆಡಲಿನ ಒತ್ತಡ ದಾಟಿಸುವ ರಿಲೀಸ್ ಬೇರಿಂಗ್, ಪ್ಲೇಟಿನ ಹಿಡಿತ ಬಿಡಿಸುವ ಸಣ್ಣ ಸನ್ನೆಗಳಾದ ಫಿಂಗರ್‌ಗಳನ್ನು ಸದಾ ಒತ್ತಿಕೊಂಡೇ ಇರುತ್ತದೆ, ಪ್ಲೇಟ್ ಅರೆಹಿಡಿತದಲ್ಲಿ ಸವೆಯುತ್ತದೆ. ಪೆಡಲಿನ ರಾಡ್ ಸರಿಪಡಿಸಿದರೆ ಅಲ್ಲಿಗೇ ಮುಗಿಯಲೂಬಹುದು.

ಆಮೇಲೆ ಕ್ಲಚ್ ಹೌಸಿಂಗಿನ, ಅಂದರೆ ಕ್ಲಚ್ ಕೂತಿರುವ ಕವಚದ, ತಳದ ಸಣ್ಣ ತೂತು ನೋಡಿ. ಅದರಲ್ಲಿ ಒಂದು ಪಿನ್ ಜೋತಾಡುತ್ತಿರುತ್ತದೆ. ಗದ್ದೆಯ ಕೆಸರು ಮೆತ್ತಿದ್ದರೆ ಕೆರೆದು, ರಾತ್ರಿ ಕೆಳಗೆ ರಟ್ಟು ಹಾಸಿಡಿ. ಬೆಳಿಗ್ಗೆ ತೆಳುವಾದ ಕಪ್ಪು ಎಣ್ಣೆ ಬಿದ್ದಿದ್ದರೆ ಎಂಜಿನ್ನಿನ ಕ್ರ್ಯಾಂಕ್ ದಂಡದ ಹಿಂದಿನ ಸೀಲ್ (ಎಣ್ಣೆ ತಡೆಯುವ ಉಂಗುರ) ಹೋಗಿದೆ. ಎಣ್ಣೆ ಮಂದವಾಗಿ, ಮೂಗಿಗೆ ಘಾಟು ಹೊಡೆದರೆ ಗೇರ್‌ಬಾಕ್ಸ್ ಕಡೆಯ ಸೀಲ್. ನನ್ನದು ಎರಡನೆಯದು. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಹಾಕಿದರು. ಒಂದು ಸುಗ್ಗಿಯನ್ನೂ ದಾಟಲಿಲ್ಲ. ಸೀಲಿಗೆ ಕೊಡುವ ದುಡ್ಡು ಅಲ್ಪ, ಎಂಜಿನ್ ಮತ್ತು ಗೇರ್‌ಬಾಕ್ಸ್ ಬೇರ್ಪಡಿಸಿ ಟ್ರ್ಯಾಕ್ಟರನ್ನು ಎರಡು ಹೋಳು ಮಾಡುವ ಕೂಲಿಯೇ ದೊಡ್ಡದು. ಆದ್ದರಿಂದ ಬಿಚ್ಚಿದಾಗಲೇ ಎರಡೂ ಸೀಲ್, ರಿಲೀಸ್ ಬೇರಿಂಗ್, ಎಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರವಾದ ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗ್ ಎಲ್ಲವನ್ನೂ ಹೊಸದು ಹಾಕಿಸಿ.

ಮದ್ದೂರಿನಿಂದ:
ಅಣ್ಣ ಹೇಳಿದ್ದು ಸರಿ. ಸವೆದ ಪ್ಲೇಟಿನ ರಿವೆಟ್ ಉಜ್ಜಿ ಫ್ಲೈವೀಲಿನಲ್ಲಿ ಗೀರು ಬಿದ್ದಿದ್ದರೆ ಲೇತಿನಲ್ಲಿ ಮಟ್ಟ ಮಾಡಿಸಿ. ಹೊಸ ಪ್ಲೇಟನ್ನು ಗೇರ್‌ಬಾಕ್ಸಿನ ಶಾಫ್ಟಿನ ಹಲ್ಲುಗಳ ಮೇಲೆ ಕೈಯಿಂದಲೇ ಸರಿಸಿ ನೋಡಿ. ಸಿಕ್ಕಿಕೊಂಡರೆ ಗೇರ್ ಹಾಕುವಾಗ ಕರಕರ ಎನ್ನುವುದು ನಿಲ್ಲುವುದಿಲ್ಲ. ತೀರಾ ಅಲುಗಾಡಿದರೆ ಶಾಫ್ಟೂ ಸವೆದಿದೆ. ಫಿಂಗರ್‌ಗಳೆಲ್ಲ ಒಂದೇ ಎತ್ತರಕ್ಕಿರಲಿ.

ಇನ್ನೊಂದು. ಹೋಳು ಮಾಡುವ ಮುನ್ನ ಮುಂದಿನ ಆಕ್ಸಲ್ ಮೇಲೆ ಎರಡೂ ಬದಿಗೆ ಮರದ ಬೆಣೆ ಬಡಿಸಿ. ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗುವುದರಿಂದ, ಬೆಣೆಯಿಲ್ಲದಿದ್ದರೆ ಎಂಜಿನ್ ಮಗ್ಗುಲಿಗೆ ವಾಲುತ್ತದೆ. ನಮ್ಮ ಮನೆಯಂಗಳದಲ್ಲೇ ವಾಲಿತ್ತು. ಪುಣ್ಯಕ್ಕೆ ಹುಡುಗ ಸ್ಪ್ಯಾನರ್ ತರಲು ಎದ್ದು ಹೋಗಿದ್ದ.

ಕೇಳಿದವರು:
ರಟ್ಟು ಹಾಸಿದ್ದೆ. ಅಂಗೈಯಗಲ ಕಪ್ಪು ಎಣ್ಣೆ. ಪೆಡಲಿನಲ್ಲಿ ಆಟವೂ ಇರಲಿಲ್ಲ, ಚಾಲಕ ಹುಡುಗ ಅದನ್ನು ಕಾಲಿಡುವ ಮಣೆ ಮಾಡಿಕೊಂಡಿದ್ದಾನೆ. ಸೋಮವಾರ ಬಿಚ್ಚಿಸುತ್ತೇನೆ. ಬೆಣೆಗೆ ಜಾಲಿಯ ತುಂಡು ಕಡಿಸಿಟ್ಟಿದ್ದೇನೆ.