ಫುಲ್ ಮೆಟಲ್ ಪ್ಯಾನಿಕ್: ಮೊದಲ 24 ಕಂತು ಆಯ್ತು, ಮುಂದೆ ಯಾವುದು?

ಪ್ರಶ್ನೆ (ಮಳೆಗಾಲದ_ಮೆಕಾ):
2002ರ ಜಪಾನಿ ಆ್ಯನಿಮೆ (ಕಾರ್ಟೂನ್ ಸರಣಿ) ಫುಲ್ ಮೆಟಲ್ ಪ್ಯಾನಿಕ್ 24 ಕಂತೂ ಮುಗೀತು. ಮುಂದೆ ಫುಮೊಫ್ಫು, ಸೆಕೆಂಡ್ ರೇಡ್, ಇನ್ವಿಸಿಬಲ್ ವಿಕ್ಟರಿ ಅಂತ ಮೂರು ಕಾಣ್ತಿವೆ, ಜೊತೆಗೆ ಮೂರು ಸಿನಿಮಾ ಬೇರೆ. ಫುಮೊಫ್ಫುನಲ್ಲಿ ರೋಬೋ ಕಾದಾಟವೇ ಇಲ್ಲ, ಬಿಟ್ಟುಬಿಡು ಅಂತ ಕೆಲವರು ಹೇಳ್ತಾರೆ. ಬಿಟ್ಟರೆ ಕತೆ ತಪ್ಪುತ್ತಾ? ಇನ್ನೊಂದು ಡೌಟು: ನಾಯಕನ ರೋಬೋದಲ್ಲಿರೋ ಲ್ಯಾಂಬ್ಡಾ ಡ್ರೈವರ್ ಅನ್ನೋ ವಿಶೇಷ ಸಾಧನ ಒಮ್ಮೆ ಕೆಲಸ ಮಾಡುತ್ತೆ, ಇನ್ನೊಮ್ಮೆ ಕೈಕೊಡುತ್ತೆ. ಬರೆದವರು ತಮಗೆ ಬೇಕಾದಾಗ ಸ್ವಿಚ್ ಹಾಕ್ತಾರಾ, ಇಲ್ಲಾ ಒಳಗೆ ಏನಾದರೂ ಲೆಕ್ಕ ಇದೆಯಾ?

ಗರ್ನ್ಸ್‌ಬ್ಯಾಕ್_9:
ಬಿಡುಗಡೆಯಾದ ಕ್ರಮದಲ್ಲೇ ನೋಡಿ. ಈಗ ಫುಮೊಫ್ಫು (2003, 12 ಕಂತು), ಆಮೇಲೆ ಸೆಕೆಂಡ್ ರೇಡ್ (2005, 13 ಕಂತು), ಅದರ ಬೆನ್ನಿಗೆ 2006ರಲ್ಲಿ ಬಂದ, ಜಲಾಂತರ್ಗಾಮಿಯ ಕ್ಯಾಪ್ಟನ್ ಟೆಸ್ಸಾಳ ಒಂಟಿ ಓವಿಎ (ಟಿವಿಗಲ್ಲದೆ ನೇರ ಡಿಸ್ಕ್‌ನಲ್ಲಿ ಬರುವ ಕಂತು), ಕೊನೆಗೆ ಇನ್ವಿಸಿಬಲ್ ವಿಕ್ಟರಿ (2018, 12 ಕಂತು). ನೀವು ನೋಡಿದ್ದೂ ಸೇರಿ 61 ಕಂತು, ಹೆಚ್ಚೂಕಡಿಮೆ 24 ಗಂಟೆ. ಆ ಮೂರು ಸಿನಿಮಾ ಹೊಸ ಕತೆಯಲ್ಲ. ನೀವು ನೋಡಿದ 24 ಕಂತನ್ನೇ ಕತ್ತರಿಸಿ ಜೋಡಿಸಿದ್ದು, 2018ರ ಸರಣಿಗೆ ಮುಂಚೆ ಜನಕ್ಕೆ ನೆನಪು ಮಾಡಿಸೋಕೆ. ನಿಮಗೆ ಬೇಡ.

ಫುಮೊಫ್ಫು ಬಿಡಬೇಡಿ. ರೋಬೋ ಕಾದಾಟ ಇಲ್ಲ ಅನ್ನೋದು ನಿಜ, ಆದರೆ ನಾಯಕ ಸೋಸ್ಕೆ ಎಂಥವನು ಅನ್ನೋದು ಗೊತ್ತಾಗೋದು ಅಲ್ಲೇ. ಮೊದಲ ಕಂತಲ್ಲೇ, ಶಾಲೆಯಲ್ಲಿ ತನ್ನ ಶೂ ಇಡುವ ಗೂಡನ್ನು ಯಾರೋ ಮುಟ್ಟಿದ್ದಾರೆ ಅನ್ನಿಸಿದ ಕೂಡಲೇ ಬಾಂಬ್ ಇರಬಹುದು ಅಂತ ಗೂಡನ್ನೇ ಸ್ಫೋಟಿಸಿಬಿಡ್ತಾನೆ. ಒಳಗಿದ್ದದ್ದು ಪ್ರೇಮಪತ್ರ. ನಗು ಬರುತ್ತೆ, ಆದರೆ ಚಿಕ್ಕಂದಿನಿಂದ ಯುದ್ಧ ಬಿಟ್ಟು ಬೇರೇನೂ ಕಾಣದ ಹುಡುಗ ಇನ್ನು ಹೇಗೆ ಯೋಚಿಸ್ತಾನೆ? ಸೆಕೆಂಡ್ ರೇಡ್‌ನಲ್ಲಿ ಅವನ ಗುಪ್ತ ಸೇನಾ ಸಂಸ್ಥೆ ಮಿಥ್ರಿಲ್ ಅವನನ್ನು ಸಹಪಾಠಿ ಕನಾಮೆಯ ಕಾವಲಿನಿಂದ ತೆಗೆದಾಗ ಅವನು ಕಳ್ಕೊಳ್ಳೋದು ಇದೇ ಶಾಲೆ, ಇದೇ ಬೈಗುಳ, ಅವಳ ಕೈಯಲ್ಲಿನ ಇದೇ ಕಾಗದದ ಬೀಸಣಿಗೆ ಏಟು. ಫುಮೊಫ್ಫು ನೋಡದವರಿಗೆ ಅದು ಬರೀ ವರ್ಗಾವಣೆ ಆದೇಶ.

ಎರಡಕ್ಕೂ ನಿರ್ದೇಶಕರು ಕ್ಯೋಟೋ ಆ್ಯನಿಮೇಶನ್‌ನ ಯಾಸುಹಿರೊ ತಾಕೆಮೊಟೊ (2019ರ ಸ್ಟುಡಿಯೋ ಬೆಂಕಿಯಲ್ಲಿ ತೀರಿಕೊಂಡರು). ಅದೇ ಕೈ ನಗಿಸಿ ಆಮೇಲೆ ಹಿಂಡುತ್ತೆ. ಒಂದು ಎಚ್ಚರಿಕೆ: ಸೆಕೆಂಡ್ ರೇಡ್ ಬಂದದ್ದು ಹಣ ಕಟ್ಟಿ ನೋಡುವ ವಾವ್‌ವಾವ್ ವಾಹಿನಿಯಲ್ಲಿ. ರಕ್ತ, ಹಿಂಸೆ ಎರಡೂ ಜಾಸ್ತಿ. ಹಾಲ್‌ನಲ್ಲಿ ಮನೆಮಂದಿ ಜೊತೆ ಹಾಕಬೇಡಿ.

ಬೈಲ್ಯಾಟರಲ್_ಭಟ್ಟ:
ಲ್ಯಾಂಬ್ಡಾ ಡ್ರೈವರ್‌ಗೆ ಲೆಕ್ಕ ಇದೆ. ಮೊದಲು ಮಾಮೂಲಿ ಆರ್ಮ್ ಸ್ಲೇವ್ (ಈ ಕತೆಯ ಯುದ್ಧ ರೋಬೋ) ಹೇಗೆ ಓಡುತ್ತೆ ನೋಡಿ. ಪೈಲಟ್ ಒಳಗೆ ಇಕ್ಕಟ್ಟಿನಲ್ಲಿ ಕೈಕಾಲು ತೂರಿಸಿ ನಿಂತಿರ್ತಾನೆ, ಪೂರ್ತಿ ಬೀಸೋಕೆ ಜಾಗ ಇಲ್ಲ. ಅದಕ್ಕೇ ಯಂತ್ರ ಅವನ ಚಲನೆಯನ್ನು ಗುಣಿಸುತ್ತೆ. ಎಷ್ಟು ಪಟ್ಟು ಅನ್ನೋದೇ ಬೈಲ್ಯಾಟರಲ್ ಆ್ಯಂಗಲ್. ಅದು 3 ಇದ್ದರೆ ಇವನು ಮೊಣಕೈ 10 ಡಿಗ್ರಿ ಮಡಿಸಿದಾಗ ಯಂತ್ರದ್ದು 30 ಡಿಗ್ರಿ ಮಡಿಯುತ್ತೆ. ಶುರು ಮಾಡುವಾಗ ಅವರು ಗಡಗಡ ಓದುವ ಅಂಕಿಗಳಲ್ಲಿ ಇದೂ ಒಂದು. ಜಾಸ್ತಿ ಇಟ್ಟರೆ ಚುರುಕು, ಆದರೆ ನಾಜೂಕು ಕೆಲಸದಲ್ಲಿ ಚೂರು ತಪ್ಪಿದರೂ ಮೂರು ಪಟ್ಟು ತಪ್ಪುತ್ತೆ. ಇಲ್ಲಿ ತನಕ ಎಲ್ಲಾ ಅಳತೆ, ಅಭ್ಯಾಸ. ಸೋಸ್ಕೆ ಇದರಲ್ಲಿ ಪಳಗಿದವನು.

ಲ್ಯಾಂಬ್ಡಾ ಡ್ರೈವರ್ ಕೇಳೋದು ಅಳತೆಯನ್ನಲ್ಲ, ಇಚ್ಛೆಯನ್ನು. ಪೈಲಟ್ ಮನಸ್ಸಲ್ಲಿ ಗಟ್ಟಿಯಾಗಿ ಕಂಡದ್ದನ್ನು ಅದು ಬಲವಾಗಿ ಹೊರಗೆ ಹಾಕುತ್ತೆ: ಎದುರಿನ ಗುಂಡನ್ನು ತಡೆಯುವ ಗೋಡೆ, ಇಲ್ಲಾ ತನ್ನ ಹೊಡೆತಕ್ಕೆ ಹೆಚ್ಚಿನ ಶಕ್ತಿ. ಸೋಸ್ಕೆಗೆ ತರಬೇತಿ ಆಗಿರೋದೇ ಉಲ್ಟಾ. ನಂಬಿಕೆ ಬೇಡ, ಅಂಕಿ ನೋಡು, ಉಪಕರಣ ಪರೀಕ್ಷಿಸು. ಯಾವಾಗ ಕೆಲಸ ಮಾಡುತ್ತೆ ಅಂತ ಗೊತ್ತಿಲ್ಲದ ಆಯುಧವನ್ನು ಯಾವ ಸೈನಿಕ ನಂಬ್ತಾನೆ? ನಂಬದೇ ಇರೋದರಿಂದ ಅದು ಕೆಲಸ ಮಾಡಲ್ಲ, ಮಾಡದೇ ಇರೋದರಿಂದ ಇವನು ನಂಬಲ್ಲ. 7ನೇ ಕಂತಿನ ಸುತ್ತ ಕನಾಮೆ ಪಕ್ಕದಲ್ಲಿ ನಿಂತು ಏನನ್ನು ಕಲ್ಪಿಸಿಕೊಳ್ಳಬೇಕು ಅಂತ ಹೇಳಿಕೊಟ್ಟಾಗ ಕೆಲಸ ಮಾಡಿದ್ದು ಇದಕ್ಕೇ. ಗೌರಾನ್‌ಗೆ ಈ ತೊಂದರೆ ಇಲ್ಲ, ಖಳನಾಯಕ ಅವನು, ಕೊಲ್ಲೋ ಆಸೆ ಅವನಿಗೆ ಸಲೀಸಾಗಿ ಬರುತ್ತೆ. ಲ್ಯಾಂಬ್ಡಾ ಡ್ರೈವರ್ ಇರೋ ತನ್ನ ರೋಬೋ ಆರ್ಬಲೆಸ್ಟ್ ಬೇಡ ಅಂತ ಸೋಸ್ಕೆ ಮಾಮೂಲಿ ಎಂ9 ಹತ್ತೋಣ ಅಂದರೆ ಅದೂ ಆಗಲ್ಲ. ಆರ್ಬಲೆಸ್ಟ್ ಸೋಸ್ಕೆಗೇ ಹೊಂದಿಕೊಂಡುಬಿಟ್ಟಿದೆ, ಕಟ್ಟಿದವನು ಬದುಕಿಲ್ಲ. ಸೆಕೆಂಡ್ ರೇಡ್‌ನ ಅರ್ಧ ಜಗಳ ಇದೇ.

ಹಾಗೇ ರೋಬೋವನ್ನು ಕಾಣದಂತೆ ಮಾಡೋ ಇಸಿಎಸ್ ಮರೆಮಾಚುವಿಕೆಗೂ ಮಿತಿ ಇದೆ, ನೀರು ಬಿದ್ದರೆ ಹಾಳು. ಮಳೆ ದೃಶ್ಯ ಬಂದರೆ ಗಮನಿಸಿ.

ತುಆತಾ_ಡೆಕ್:
ಮೇಲಿನವರು ಹೇಳಿದ ಕ್ರಮ ಸರಿ, ಆದರೆ ಒಂದು ತೂತು ಬಿಟ್ಟಿದ್ದಾರೆ. ಶೋಜಿ ಗಾತೋ ಅವರ ಮೂಲ ಕಾದಂಬರಿ 12 ಸಂಪುಟ (1998ರಿಂದ 2010). ಮೊದಲ ಸರಣಿ 1ರಿಂದ 3, ಸೆಕೆಂಡ್ ರೇಡ್ 4-5, ಇನ್ವಿಸಿಬಲ್ ವಿಕ್ಟರಿ 7ರಿಂದ 9. 6ನೇ ಸಂಪುಟ ತೆರೆಗೆ ಬರಲೇ ಇಲ್ಲ. ಅದು ಕ್ರಿಸ್‌ಮಸ್ ಹಡಗಿನ ಕತೆ: ಇಡೀ ಕ್ಲಾಸು ಹತ್ತಿದ ಪ್ರವಾಸಿ ಹಡಗನ್ನು ಮಿಥ್ರಿಲ್‌ನವರೇ ಅಪಹರಿಸ್ತಾರೆ. ಮೂರೂ ಬಗೆಯ ರುಚಿ, ಗುಂಡು, ಗಲಾಟೆ, ಪ್ರೇಮ, ಒಂದೇ ತಟ್ಟೆಯಲ್ಲಿ ಸಿಗೋದು ಅಲ್ಲೇ. ಅದನ್ನು ಹಾರಿಸಿ 2018ರದಕ್ಕೆ ಹೋದರೆ ಕನಾಮೆ, ಟೆಸ್ಸಾ, ಸೋಸ್ಕೆ ನಡುವೆ ಏನೋ ಆಗಿಹೋಗಿದೆ, ನಮಗೆ ಯಾರೂ ಹೇಳಿಲ್ಲ ಅನ್ನಿಸುತ್ತೆ.

2018ರದ್ದನ್ನು ಮಾಡಿದ್ದು ಝೆಬೆಕ್ ಸ್ಟುಡಿಯೋ. ರೋಬೋಗಳು ಸಿಜಿ, ಅಂದರೆ ಕಂಪ್ಯೂಟರಲ್ಲಿ ಮಾಡಿದ ಚಿತ್ರ. ಕ್ಯೋಟೋದವರ ಕೈಯಲ್ಲಿ ಬಿಡಿಸಿದ ರೇಖೆಗೆ ಕಣ್ಣು ಒಗ್ಗಿದ್ದರೆ ಮೊದಲೆರಡು ಕಂತು ಕಿರಿಕಿರಿ. ಕತೆ ಗಟ್ಟಿ, ಕೊನೆ ಮಾತ್ರ ಅರ್ಧಕ್ಕೇ ನಿಲ್ಲುತ್ತೆ.

ಮಳೆಗಾಲದ_ಮೆಕಾ:
ಹಾಗಾದ್ರೆ 6 ಒಂದನ್ನೇ ಓದಿದರೆ ಅರ್ಥ ಆಗುತ್ತಾ? ಮುಂದಿನದು ಎಲ್ಲಿಂದ?

ತುಆತಾ_ಡೆಕ್:
ಸೆಕೆಂಡ್ ರೇಡ್ ನೋಡಿದ್ದರೆ 6 ನೇರ ಹಿಡೀಬಹುದು. ಇನ್ವಿಸಿಬಲ್ ವಿಕ್ಟರಿ ಆದಮೇಲೆ 10, ಆಮೇಲೆ ಎರಡು ಭಾಗದ ಕೊನೆ ಕತೆ 11-12. ಹನ್ನೆರಡೂ ಇಂಗ್ಲಿಷ್‌ನಲ್ಲಿ ಜೆ-ನಾವೆಲ್ ಕ್ಲಬ್‌ನಿಂದ ಇ-ಪುಸ್ತಕವಾಗಿ ಬಂದಿವೆ. 1ನೇ ಸಂಪುಟವನ್ನೂ ತಿರುವಿ ಹಾಕಿ: ಅಪಹರಿಸಿದ ವಿಮಾನ ಇಳಿಯೋದು ಪುಸ್ತಕದಲ್ಲಿ ಉತ್ತರ ಕೊರಿಯಾದಲ್ಲಿ, ಆ್ಯನಿಮೆಯಲ್ಲಿ ಖಂಕಾ ಅನ್ನೋ ಕಲ್ಪಿತ ಜಾಗದಲ್ಲಿ. ಆ ವಿಮಾನದ ಕತೆಯಿಂದಲೇ, 2001ರ ಸೆಪ್ಟೆಂಬರ್ ದಾಳಿ ಆದಮೇಲೆ, ಸರಣಿಯ ಪ್ರಸಾರ 2002ರ ಜನವರಿಗೆ ಹೋಯ್ತು.

ಗರ್ನ್ಸ್‌ಬ್ಯಾಕ್_9:
6ನೇ ಸಂಪುಟದ ವಿಷಯ ಒಪ್ಪಿದೆ, ಬಿಟ್ಟಿದ್ದು ನನ್ನ ತಪ್ಪು. ಓವಿಎ ಮುಗಿಸಿ ಅದನ್ನು ಓದಿ, ಆಮೇಲೆ 2018ರದ್ದು. ಫುಮೊಫ್ಫು ಅಂದರೇನು ಅಂತ ಹುಡುಕೋಕೆ ಹೋಗಬೇಡಿ, ಅದಕ್ಕೆ ಅರ್ಥ ಇಲ್ಲ. ಬೊಂಟಾ-ಕುನ್ ಗೊಂಬೆ ವೇಷದ ಒಳಗೆ ಸೋಸ್ಕೆ ಏನು ಮಾತಾಡಿದರೂ ಹೊರಗೆ ಕೇಳೋ ಸದ್ದು ಅದು. ಧ್ವನಿ ಬದಲಾಯಿಸೋ ಯಂತ್ರ ಆಫ್ ಮಾಡಿದರೆ ಇಡೀ ವೇಷದ ವ್ಯವಸ್ಥೆಯೇ ಆಫ್.