ಗಣಪತಿಯ ಹೊಟ್ಟೆ ಮತ್ತು ರ ಗ ಸ ದ ಅ

"ಅಕ್ಷರ ಎಲ್ಲ ಬಂದಾಯ್ತು ಮಾರಾಯ್ರೆ, ಕಾರ್ಡಿನ ಆಟದಲ್ಲಿ ನನ್ನನ್ನೇ ಸೋಲಿಸ್ತದೆ" ಅಂತ ಶೆಟ್ರು ಪುಳ್ಳಿಯ, ಅಂದ್ರೆ ಮೊಮ್ಮಗುವಿನ, ಬಗ್ಗೆ ಪೆರ್ಲ ಪೇಟೆ ಇಡೀ ಹೇಳಿಕೊಂಡು ತಿರುಗ್ತಾ ಇದ್ರು. ಪುಳ್ಳಿಗೆ ನಾಲ್ಕು ತುಂಬಿದ್ದಷ್ಟೆ. ಮನೆಲಿ ರಾಶಿ ಬಿದ್ದ ಹಳೆ ಮದ್ವೆ ಕಾಗದ ಕತ್ತರಿಸಿ, ಖಾಲಿ ಬದಿಯಲ್ಲಿ ಸ್ಕೆಚ್ ಪೆನ್ನಿಂದ ಒಂದೊಂದು ಅಕ್ಷರ ಎರಡೆರಡು ಕಾರ್ಡಿಗೆ ಬರೆದು, ಎಲ್ಲ ಕವುಚಿ ಹಾಕುದು, ಎರಡು ತಿರುಗಿಸುದು, ಜೋಡಿ ಸಿಕ್ಕಿದ್ರೆ ಇಟ್ಟುಕೊಳ್ಳುದು. ಖರ್ಚು ಸೊನ್ನೆ. ಶೆಟ್ರಿಗೆ ಅದು ಅಕ್ಷರಕ್ಕಿಂತ ದೊಡ್ಡ ಸಂತೋಷ.

ಆಟಿ ತಿಂಗಳು, ಅಡಿಕೆಗೆ ಮದ್ದು ಬಿಡ್ಲಿಕ್ಕೂ ಮಳೆ ಬಿಡುದಿಲ್ಲ, ಯಾರಿಗೂ ಕೆಲ್ಸ ಇಲ್ಲ. ಹಾಗೆ ಒಂದು ಶನಿವಾರ ಕಾಕನ ಚಾದಂಗಡಿಗೆ ಪುಳ್ಳಿಯೂ ಬಂತು, ಕಾರ್ಡಿನ ಕಟ್ಟೂ ಬಂತು. ಮೊದಲು ಭಟ್ಟ ಭಾವ ಸೋತ, ಆಮೇಲೆ ನಾನು, ಆಮೇಲೆ ಗೋಳಿಬಜೆ ಕಾಯಿಸುದು ಬಿಟ್ಟು ಬಂದ ಕಾಕ. ಎಲ್ಪಿ ಸ್ಕೂಲಲ್ಲಿ ಮೂವತ್ತು ವರ್ಷ ಒಂದನೇ ಕ್ಲಾಸಿಗೇ ಕಲಿಸಿ ರಿಟೈರ್ ಆದ ಮಾಷ್ಟ್ರು ಮಾತ್ರ ಆಡ್ಲಿಲ್ಲ, ಕನ್ನಡಕ ಮೂಗಿನ ತುದಿಗೆ ಇಳಿಸಿ ಮಗುವಿನ ಕಣ್ಣನ್ನೇ ನೋಡ್ತಾ ಕೂತಿದ್ರು.

"ಮಗಾ, ಇದು ಹೇಗೆ ಗೊತ್ತಾಯ್ತು ನಿಂಗೆ?"

"ಇದ್ರಲ್ಲಿ ಗಣಪತಿಯ ಸೊಂಡಿಲುಂಟು, ಇದ್ರಲ್ಲಿ ಹೊಟ್ಟೆ."

"ಮತ್ತೆ ಇದು ಯಾವ ಅಕ್ಷರ?"

"ಹೊಟ್ಟೆ."

ಶೆಟ್ರು ಒಂದೇ ಮದ್ವೆ ಕಾಗದದಿಂದ ಒಂದು ಅಕ್ಷರದ ಜೋಡಿ ಕತ್ತರಿಸಿದ್ರು, ಕವುಚಿದಾಗ ಮೇಲೆ ಕಾಣುದು ಅಚ್ಚಾದ ಬದಿ! ಭಾವ ನಗು ತಡೀಲಿಕ್ಕಾಗದೆ ಚಾ ಮೂಗಿಗೆ ಹತ್ತಿಸಿಕೊಂಡ. ಶೆಟ್ರು ಬಿಡ್ಬೇಕಲ್ಲ, "ಅದು ಬುದ್ಧಿ ಅಲ್ವಾ, ನೀವು ಮೂರು ಜನ ದೊಡ್ಡವ್ರಿಗೆ ಹೊಳೀಲಿಲ್ಲ" ಅಂದ್ರು. ಆ ಮಾತು ಸರಿಯೇ, ನಮಗೆ ಹೊಳೀಲಿಲ್ಲ.

ಮಾಷ್ಟ್ರು ಹೇಳಿದ್ರು, "ಮಗು ಯಾವಾಗ್ಲೂ ಹತ್ತಿರದ ದಾರಿ ಹಿಡೀತದೆ ಶೆಟ್ರೇ, ಅಕ್ಷರ ನೋಡದೆ ಗೆಲ್ಲುವ ದಾರಿ ಉಂಟಾದ್ರೆ ಅದು ಅಕ್ಷರ ಯಾಕೆ ನೋಡ್ತದೆ? ಬೆನ್ನು ಎಲ್ಲ ಒಂದೇ ಥರ ಇರುವ ರಟ್ಟು ತಗೊಳ್ಳಿ. ಮತ್ತೆ ಎಷ್ಟು ಅಕ್ಷರ ಬರ್ದಿದ್ದೀರಿ ನೀವು?"

"ನಲ್ವತ್ತೊಂಬತ್ತೂ."

"ಪಾಪದ ಮಗು!"

ಇಲ್ಲಿಂದ ಮಾಷ್ಟ್ರನ್ನು ಹಿಡೀಲಿಕ್ಕೆ ಆಗ್ಲಿಲ್ಲ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ನಲಿಕಲಿ ಅಂತ, ಸಣ್ಣ ಮಕ್ಕಳಿಗೆ ಆಡಿಸ್ತಾ ಕಲಿಸುವ ಕ್ರಮ, ಶುರುವಾಯ್ತಲ್ಲ, ಆ ಕ್ರಮದಲ್ಲಿ ಅ ಆ ಇ ಈ ಅಂತ ಸಾಲಾಗಿ ಹೋಗುದಲ್ಲ, ಮೊದಲು ರ ಗ ಸ ದ ಅ, ಐದೇ. ಬರೀಲಿಕ್ಕೆ ಸುಲಭ, ಮತ್ತೆ ಆ ಐದರಲ್ಲೇ ಪದ ಕಟ್ಲಿಕ್ಕಾಗ್ತದೆ. ಸರ, ರಸ, ದರ, ಅರಸ, ಅಗಸ, ಗರಗಸ. ಅ ಆ ಇ ಈ ಉ ಊ ಇಟ್ಟುಕೊಂಡು ಒಂದು ಪದ ಕಟ್ಟಿ ನೋಡುವ, ಅಂದ್ರು. ಭಾವ ಸ್ವಲ್ಪ ಹೊತ್ತು ಯೋಚ್ನೆ ಮಾಡಿ "ಈಈಈ" ಅಂತ ಹಲ್ಲು ತೋರಿಸಿದ.

ಕಾಕ ಐದು ಕಾರ್ಡಲ್ಲಿ ಮೂರು ಎಳೆದು ಜೋಡಿಸಿ "ದಸರ" ಅಂದ. ಮಾಷ್ಟ್ರು "ದಸರಾ, ಅದಕ್ಕೆ ದೀರ್ಘ ಬೇಕು" ಅಂದ್ರು. "ಮಡಿಕೇರಿಗೆ ಹೋಗುವಾಗ ನಾವು ದಸರ ಅಂತಲೇ ಹೇಳುದು" ಅಂತ ಕಾಕ. ಇದು ಮುಗೀಲಿಕ್ಕೆ ಎರಡು ಬಸ್ಸು ಹೋಯ್ತು. ಅಷ್ಟರಲ್ಲಿ ಮಗು ಹೊರಗೆ ನೋಡಿ ಬೊಬ್ಬೆ ಹಾಕಿತು, "ಅಜ್ಜಾ, ಬಸ್ಸಲ್ಲಿ ರ ಉಂಟು!" ಬೋರ್ಡಲ್ಲಿ ಕಾಸರಗೋಡು ಅಂತ ಇತ್ತು. ನನ್ನ ಕೇಳಿದ್ರೆ ಎಲ್ಲ ಕಾರ್ಡಿಗಿಂತ ಈ ಬೋರ್ಡಿನ ಆಟವೇ ಚೆಂದ, ಯಾರು ಮೊದಲು ಕಂಡ್ರೋ ಅವ್ರಿಗೆ ಒಂದು ಪಾಯಿಂಟು, ಬಸ್ಸು ನಿಲ್ಲುದಿಲ್ಲ ಹಾಗಾಗಿ ಅಜ್ಜ ಗದರಿಸ್ಲಿಕ್ಕೂ ಟೈಮ್ ಇಲ್ಲ. ರ ಮತ್ತು ಠ, ಪ ಮತ್ತು ಷ ಮಾತ್ರ ಒಂದೇ ದಿನ ಕೊಡ್ಬಾರ್ದು, ಒಂದು ಗಟ್ಟಿ ಕೂತ ಮೇಲೆ ಇನ್ನೊಂದು ಅಂತ ಮಾಷ್ಟ್ರ ಕಂಡೀಶನ್.

"ಆಯ್ತು ಅಕ್ಷರ ಬಿಡಿ, ಲೆಕ್ಕ ಇಪ್ಪತ್ತರವರೆಗೆ ಗಡಗಡ ಹೇಳ್ತದೆ" ಅಂದ್ರು ಶೆಟ್ರು. ಹೇಳಿತು ಕೂಡ. ಮಾಷ್ಟ್ರು "ಐದು ಗೋಳಿಬಜೆ ತಾ ಮಗಾ" ಅಂದ್ರೆ ಅದು ಎರಡು ಕೈಲಿ ಹಿಡಿದಷ್ಟು ತಂತು. ಬಾಯಿಪಾಠ ಬೇರೆ, ಒಂದು ಮಾತಿಗೆ ಒಂದು ವಸ್ತು ಅನ್ನುದು ಬೇರೆ. ಅದಕ್ಕೆ ಚೆನ್ನೆಮಣೆ ತೆಗೀರಿ ಅಂದ್ರು ಮಾಷ್ಟ್ರು. 14 ಗುಳಿ, ಒಂದೊಂದಕ್ಕೆ 4 ಕಾಯಿ, ಒಟ್ಟು 56, ಹಂಚಿಕೊಂಡು ಹೋಗುವಾಗ ಒಂದು ಗುಳಿಗೆ ಒಂದೇ ಬೀಳ್ಬೇಕಲ್ಲ. ಮಗುವಿಗೆ ಸೋಲು ಗೆಲುವಿನ ಕಾನೂನು ಬೇಡ, ಹಂಚಿದ್ರೆ ಸಾಕು. ಭಾವನಿಗೆ ಹೆದರಿಕೆ, ಅವನ ತಮ್ಮ ಚಿಕ್ಕದಿರುವಾಗ ಚೆನ್ನೆ ಆಡುವ ಮಂಜೊಟ್ಟಿ ಬೀಜ ಮೂಗಿಗೆ ಹಾಕಿ ಡಾಕ್ಟ್ರ ಹತ್ತಿರ ಓಡಿದ್ದುಂಟು. ಅದು ಹೌದು, ಮತ್ತೆ ಗುಲಗಂಜಿಯಂತೂ ವಿಷ, ಮಕ್ಕಳ ಕೈಗೆ ಕೊಡ್ಲೇಬಾರ್ದು. ಕೊನೆಗೆ ಅಡಿಕೆ ಅಂತ ತೀರ್ಮಾನ ಆಯ್ತು, ಯಾವ ಮೂಗಿಗೂ ಹೋಗುದಿಲ್ಲ. "56 ಅಡಿಕೆಯಾ? ಈ ರೇಟಲ್ಲಾ?" ಅಂದ್ರು ಶೆಟ್ರು.

ಆಗ ಅಪ್ಪನನ್ನು ಕರೀಲಿಕ್ಕೆ ಬಂದ ಭಾವನ ಮಗಳು, ಮಂಗಳೂರಲ್ಲಿ ಬಿ.ಎಡ್. ಮಾಡುದು, ಕೊಡೆ ಮಡಚ್ತಾ ಹೇಳಿದ್ಲು: "ಅಡಿಕೆಯೂ ಬೇಡ ಶೆಟ್ರ ಮಾವ, ನೆಲದಲ್ಲಿ ಸೀದಾ ಒಂದು ಸಾಲು ಹತ್ತು ಮನೆ ಎಳೀರಿ. ಅಮೆರಿಕದಲ್ಲಿ ರಮಣಿ ಮತ್ತು ಸೀಗ್ಲರ್ ಅಂತ ಇಬ್ರು 2008ರಲ್ಲಿ ಇದನ್ನೇ ಬಡ ಮಕ್ಕಳ ಹತ್ತಿರ ಆಡಿಸಿ ನೋಡಿದ್ದು, ದಾಳದ ಬದಲು ಒಂದು ಮುಳ್ಳು, ಅದನ್ನು ತಿರುಗಿಸಿದ್ರೆ ಒಂದೋ ಎರಡೋ ಬೀಳ್ತದೆ ಅಷ್ಟೇ, ಎಲ್ಲ ಸೇರಿ ಒಂದು ಗಂಟೆಯ ಆಸುಪಾಸು ಆಟ. ಮನೆಯೊಳಗೆ ಅಂಕೆ ಬರ್ದದ್ರಲ್ಲಿ ಆಡಿದ ಮಕ್ಕಳಿಗೆ ಲೆಕ್ಕ ಸುಧಾರಿಸ್ತು, ಬರೀ ಬಣ್ಣ ಇದ್ದದ್ರಲ್ಲಿ ಆಡಿದವ್ರಿಗೆ ಇಲ್ಲ."

"ರಮಣಿ ಯಾರ ಪೈಕಿ?" ಅಂತ ಭಾವ.

"ಅಪ್ಪಾ, ಸುಮ್ನೆ ಕೂತ್ಕೊ."

ಹಾವು ಏಣಿ ಆಗುದಿಲ್ವಾ ಅಂತ ನಾನು ಕೇಳಿದೆ. ಅದ್ರಲ್ಲಿ ಒಂದು ಸಾಲು ಆಚೆ ಹೋದ್ರೆ ಇನ್ನೊಂದು ಈಚೆ ಬರ್ತದೆ, ಸಣ್ಣವ್ರಿಗೆ ತಲೆ ತಿರುಗ್ತದೆ, ಅದು ಆಮೇಲೆ ಅಂದ್ಲು. ಮತ್ತೊಂದು ಮುಖ್ಯ ವಿಷಯ: ಏಳರಲ್ಲಿ ನಿಂತ ಮಗುವಿಗೆ ಎರಡು ಬಿದ್ರೆ "ಒಂದು, ಎರಡು" ಅಂತ ಹಾರುದಲ್ಲ, "ಎಂಟು, ಒಂಬತ್ತು" ಅಂತ ಹೇಳಿ ಹಾರ್ಬೇಕು, ಕಲಿಯುದು ಅಲ್ಲೇ. ಮಾಷ್ಟ್ರು ತಲೆ ಆಡಿಸಿದ್ರು, ಅವ್ರು ತಲೆ ಆಡಿಸುದು ಅಪರೂಪ.

ಸೀಮೆಸುಣ್ಣ ಸಿಗದೆ ಕಾಕ ಮಸಿತುಂಡಿಂದ ಅಂಗಡಿಯ ಸಿಮೆಂಟಲ್ಲೇ ಹತ್ತು ಮನೆ ಎಳೆದ. ಮಗು ಆಡಿತೋ ಅಂದ್ರೆ ಆಡಿತು, ಅದಕ್ಕಿಂತ ಜಾಸ್ತಿ ಆಡಿದ್ದು ಶೆಟ್ರೂ ಭಾವನೂ, ಮಗುವಿನ ಸರದಿ ಬಂದಾಗೆಲ್ಲ "ಎಂಟು ಹೇಳು ಎಂಟು ಹೇಳು" ಅಂತ ಇಬ್ರೂ ಕಿರುಚಿ, ಮಾಷ್ಟ್ರು ಇಬ್ರನ್ನೂ ಮೂಲೆಗೆ ಕೂರಿಸಿದ್ರು. ಆಟದೊಳಗೆ ಪರೀಕ್ಷೆ ತರುದು ಅಂದ್ರೆ ಇದೇ, ಮಗು ಎದ್ದು ಹೋಗ್ತದೆ. ಹೋಯ್ತು ಕೂಡ, ಗೋಳಿಬಜೆಯ ಹತ್ತಿರ.

ಹೊರಡುವಾಗ ಶೆಟ್ರು "ಇವತ್ತಿನದ್ದು ಚಾ ಎರಡು ಕಾಕಾ, ಬರ್ಕೊ" ಅಂದ್ರು. ಕಾಕ ಪುಸ್ತಕ ತೆರೆದು, ಹಳೆ ಬಾಕಿ ಏಳು ಇದ್ದದ್ದನ್ನು ಬೆರಳಲ್ಲಿ ಒತ್ತಿ ಹಿಡಿದು, ದೊಡ್ಡ ಸ್ವರದಲ್ಲಿ "ಎಂಟು, ಒಂಬತ್ತು" ಅಂದ.