ತಾಲ್ಲೂಕು ಕಾಲೇಜಿನ ಅಧ್ಯಾಪಕರಿಗೆ ಟೇರ್ ಫೆಲೋಶಿಪ್: ಆತಿಥೇಯ ಪ್ರಯೋಗಾಲಯವನ್ನು ಆರಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಬಯಲುಸೀಮೆಯ ಅಧ್ಯಾಪಕ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಉತ್ತರ ಭಾಗದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಎರಡು ವರ್ಷಗಳಿಂದ ರಸಾಯನಶಾಸ್ತ್ರದ ಸಹಾಯಕ ಪ್ರಾಧ್ಯಾಪಕನಾಗಿದ್ದೇನೆ. ಪಿಎಚ್‌.ಡಿ.ಯಲ್ಲಿ ಲೋಹದ ಆಕ್ಸೈಡ್‌ಗಳನ್ನು ತಯಾರಿಸಿ ಅವುಗಳ ಮೇಲ್ಮೈ ಗುಣಗಳನ್ನು ಅಧ್ಯಯನ ಮಾಡಿದ್ದೆ. ಕೆಲಸಕ್ಕೆ ಸೇರಿದ ಮೇಲೆ ವಾರಕ್ಕೆ 16 ಗಂಟೆಗಳ ಬೋಧನೆ, ಮೌಲ್ಯಮಾಪನ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಬೇಕಾದ ಕಡತಗಳು ಇವುಗಳ ನಡುವೆ ಆ ಕೆಲಸ ನಿಂತೇ ಹೋಗಿದೆ. ನಮ್ಮ ಪ್ರಯೋಗಾಲಯದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಬೇಕಾದಷ್ಟು ಸಲಕರಣೆಗಳಿವೆ. ಎಕ್ಸ್‌ರೇ ಡಿಫ್ರಾಕ್ಷನ್, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳಂಥವು ಇಲ್ಲ.

ರಾಜ್ಯ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಅಧ್ಯಾಪಕರು ತಮ್ಮ ಹುದ್ದೆಯಲ್ಲಿದ್ದುಕೊಂಡೇ ಐಐಟಿ, ಐಐಎಸ್‌ಸಿ, ರಾಷ್ಟ್ರೀಯ ಪ್ರಯೋಗಾಲಯಗಳಲ್ಲಿ ಸಂಶೋಧನೆ ಮಾಡಲು ಅವಕಾಶ ಕೊಡುವ ಟೇರ್ ಯೋಜನೆಗೆ, ಅಂದರೆ ಟೀಚರ್ಸ್ ಅಸೋಸಿಯೇಟ್‌ಶಿಪ್ ಫಾರ್ ರಿಸರ್ಚ್ ಎಕ್ಸಲೆನ್ಸ್‌ಗೆ, ಮುಂದಿನ ಕರೆ ಬಂದಾಗ ಅರ್ಜಿ ಹಾಕಬೇಕೆಂದಿದ್ದೇನೆ. ಬೆಂಗಳೂರಿನ ಐದಾರು ಪ್ರಾಧ್ಯಾಪಕರಿಗೆ ಮಿಂಚಂಚೆ ಬರೆದೆ. ಯಾರಿಂದಲೂ ಉತ್ತರ ಬಂದಿಲ್ಲ. ಹೆಸರಾಂತ ದೊಡ್ಡ ಪ್ರಯೋಗಾಲಯವನ್ನೇ ಹಿಡಿಯಬೇಕೇ, ಹತ್ತಿರದ ಸಾಧಾರಣ ಪ್ರಯೋಗಾಲಯ ಸಾಕೇ? ಕಾಲೇಜಿನ ಪಾಠ ಕೆಡದಂತೆ ಇದನ್ನು ನಿಭಾಯಿಸಿದವರು ದಯವಿಟ್ಟು ತಿಳಿಸಿ.

ಉತ್ತರ 1: ಅನುದಾನಿತ ಕಾಲೇಜಿನ ಸಹ ಪ್ರಾಧ್ಯಾಪಕಿ

ನಾನು ಈ ಫೆಲೋಶಿಪ್‌ನ ಮೂರು ವರ್ಷಗಳನ್ನೂ ಮುಗಿಸಿದವಳು. ಆಗ ಇದನ್ನು ನಡೆಸುತ್ತಿದ್ದುದು ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ); 2023ರ ಕಾಯ್ದೆಯ ಪ್ರಕಾರ ಆ ಮಂಡಳಿ ಈಗ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಸೇರಿಹೋಗಿದೆ. ಆದ್ದರಿಂದ ನಾನು ಹೇಳುವ ಅಂಕಿಗಳನ್ನು ಹೊಸ ಅಧಿಸೂಚನೆಯೊಂದಿಗೆ ಒಮ್ಮೆ ತಾಳೆ ನೋಡಿ. ನನ್ನ ಕಾಲದಲ್ಲಿ ಅಧ್ಯಾಪಕರಿಗೆ ವರ್ಷಕ್ಕೆ 60,000 ರೂಪಾಯಿ ಫೆಲೋಶಿಪ್, ಸಂಶೋಧನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿ ಇತ್ತು. ಆ 5 ಲಕ್ಷದಲ್ಲಿ ಅರ್ಧ ಆತಿಥೇಯ ಸಂಸ್ಥೆಗೆ, ಅರ್ಧ ನಮ್ಮ ಕಾಲೇಜಿಗೆ. ವಯೋಮಿತಿ 45.

ಈ ಅರ್ಧ ಭಾಗವನ್ನು ಬಹಳ ಜನ ಲಘುವಾಗಿ ಕಾಣುತ್ತಾರೆ. ಮೂರು ವರ್ಷಗಳಲ್ಲಿ ಕಾಲೇಜಿನ ಪಾಲಿಗೆ ಬರುವ ಏಳೂವರೆ ಲಕ್ಷದಿಂದ ಏನನ್ನು ಕಟ್ಟಿ ಉಳಿಸಿಕೊಳ್ಳುತ್ತೀರಿ ಎಂಬುದನ್ನು ಪ್ರಸ್ತಾವನೆ ಬರೆಯುವ ಮೊದಲೇ ಯೋಚಿಸಿ. ಫೆಲೋಶಿಪ್ ಮುಗಿದ ಮರುದಿನ ಆತಿಥೇಯ ಸಂಸ್ಥೆಯ ಗೇಟ್ ಪಾಸ್ ಮುಗಿಯುತ್ತದೆ, ನಮ್ಮಲ್ಲಿ ಉಳಿಯುವುದು ನಾವು ಕಟ್ಟಿದ್ದು ಮಾತ್ರ. ನಾನು ಮೊದಲ ವರ್ಷ ಆ ಹಣವನ್ನೆಲ್ಲ ರಾಸಾಯನಿಕಗಳಿಗೆ ಸುರಿದೆ; ಆ ತಪ್ಪಿಗೆ ಇಂದಿಗೂ ಮರುಗುತ್ತೇನೆ.

ದಿನಗಳ ವಿಚಾರ. ವರ್ಷದಲ್ಲಿ ಸುಮಾರು ಮೂರು ತಿಂಗಳಷ್ಟು ಹೊತ್ತನ್ನು ಆತಿಥೇಯ ಸಂಸ್ಥೆಯಲ್ಲಿ ಕಳೆಯುವ ಲೆಕ್ಕ ಹಾಕಿಕೊಳ್ಳಿ. ಸೆಮಿಸ್ಟರ್ ರಜೆಗಳು ಈಗ ಯಾವ ತಿಂಗಳಲ್ಲಿ ಬರುತ್ತವೆ ಎಂದು ಯಾರೂ ಹೇಳಲಾರದ ಸ್ಥಿತಿ ಇರುವುದರಿಂದ, ರಜೆಯನ್ನೇ ನಂಬಿ ಕೂರದೆ, ಪ್ರಾಂಶುಪಾಲರೊಂದಿಗೆ ಮಾತನಾಡಿ ವೇಳಾಪಟ್ಟಿಯಲ್ಲಿ ನಿಮ್ಮ ತರಗತಿಗಳನ್ನು ವಾರದ ನಾಲ್ಕು ದಿನಗಳಿಗೆ ಒಟ್ಟುಗೂಡಿಸಿಕೊಂಡು, ಉಳಿದ ದಿನಗಳಿಗೆ ಓ.ಓ.ಡಿ. (ಕರ್ತವ್ಯದ ಮೇಲೆ ಹೊರಗಿರುವ) ಸೌಲಭ್ಯವನ್ನು ಲಿಖಿತವಾಗಿ ಪಡೆದುಕೊಳ್ಳುವುದು ಒಳ್ಳೆಯದು. ಬಾಯಿಮಾತಿನ ಒಪ್ಪಿಗೆ ಪ್ರಾಂಶುಪಾಲರ ವರ್ಗಾವಣೆಯೊಂದಿಗೆ ಹೊರಟುಹೋಗುತ್ತದೆ. ನನಗೆ ಹಾಗೆಯೇ ಆಯಿತು, ಹೊಸಬರಿಗೆ ಮನವರಿಕೆ ಮಾಡಿಕೊಡುವುದರಲ್ಲೇ ಒಂದು ಸೆಮಿಸ್ಟರ್ ಕಳೆಯಿತು. ನಿಮ್ಮದು ಸರ್ಕಾರಿ ಕಾಲೇಜಾದ್ದರಿಂದ ಇಲಾಖೆಯ ನಿರಾಕ್ಷೇಪಣಾ ಪತ್ರಕ್ಕೆ ಕರೆ ಬರುವ ಮೊದಲೇ ಓಡಾಟ ಆರಂಭಿಸಿ.

ಉತ್ತರ 2: ಪ್ರಯೋಗಾಲಯದ ಕಡೆಯಿಂದ

ನಾನು ರಾಷ್ಟ್ರೀಯ ಪ್ರಯೋಗಾಲಯವೊಂದರಲ್ಲಿ ವಿಜ್ಞಾನಿ. ಇಬ್ಬರು ಅಧ್ಯಾಪಕರಿಗೆ ಮಾರ್ಗದರ್ಶಕನಾಗಿದ್ದೇನೆ. ಉತ್ತರ ಬರದಿದ್ದಕ್ಕೆ ನೊಂದುಕೊಳ್ಳಬೇಡಿ. ಆದರೆ ನಿಮ್ಮ ಪತ್ರದಲ್ಲಿ ಏನಿತ್ತು ಎಂಬುದನ್ನು ಮತ್ತೊಮ್ಮೆ ಓದಿ ನೋಡಿ. ನನಗೆ ಬರುವ ಹೆಚ್ಚಿನ ಪತ್ರಗಳಲ್ಲಿ ‘ನಿಮ್ಮ ಉಪಕರಣಗಳನ್ನು ಬಳಸಲು ಅವಕಾಶ ಕೊಡಿ’ ಎಂಬುದಷ್ಟೇ ಸಾರಾಂಶವಾಗಿರುತ್ತದೆ. ಉಪಕರಣ ಬೇಡುವವರಿಗೆ ಶುಲ್ಕ ಕಟ್ಟಿ ಮಾದರಿ ಕಳುಹಿಸುವ ವ್ಯವಸ್ಥೆ ಹಲವು ಸಂಸ್ಥೆಗಳಲ್ಲಿ ಬೇರೆಯೇ ಇದೆ. ಮಾರ್ಗದರ್ಶಕರು ಹುಡುಕುವುದು ಜೊತೆಗೆ ಕೂತು ಯೋಚಿಸುವವರನ್ನು.

ನಿಮ್ಮ ಕೈಯಲ್ಲಿ ನಮ್ಮಲ್ಲಿಲ್ಲದ್ದೊಂದು ಇದೆ. ನೀವಿರುವ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬ ಭಾರತೀಯ ಮಾನಕವನ್ನು ಅಲ್ಲಿನ ಎಷ್ಟೋ ಬಾವಿಗಳು ದಾಟುತ್ತವೆ. ನೀವು ತಯಾರಿಸಬಲ್ಲ ಆಕ್ಸೈಡ್‌ಗಳು ಫ್ಲೋರೈಡ್ ಹೀರುವ ವಸ್ತುಗಳೂ ಹೌದು. ನಮ್ಮಂಥ ಪ್ರಯೋಗಾಲಯಗಳಲ್ಲಿ ಶುದ್ಧ ನೀರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ ಪರೀಕ್ಷೆ ಮಾಡುತ್ತೇವೆ, ಫಲಿತಾಂಶ ಸೊಗಸಾಗಿ ಬರುತ್ತದೆ. ಅದೇ ವಸ್ತುವನ್ನು ನಿಜವಾದ ಕೊಳವೆಬಾವಿ ನೀರಿಗೆ ಹಾಕಿದರೆ ಅಲ್ಲಿನ ಬೈಕಾರ್ಬನೇಟ್ ಪಿಎಚ್ ಅನ್ನು ಏರಿಸಿಟ್ಟು, ಹೀರುವ ಜಾಗಗಳಿಗೂ ಪೈಪೋಟಿ ಕೊಟ್ಟು, ಸಾಮರ್ಥ್ಯವನ್ನು ಇಳಿಸಿಬಿಡುತ್ತದೆ. ಮಳೆಗಾಲದ ನೀರು, ಬೇಸಿಗೆಯ ನೀರು ಎಂದು ಋತುವಿನಿಂದ ಋತುವಿಗೆ ಒಂದೇ ಬಾವಿಯನ್ನು ಹಿಂಬಾಲಿಸಲು ಬೆಂಗಳೂರಿನಲ್ಲಿ ಕೂತವರಿಗೆ ಆಗುವುದಿಲ್ಲ. ನಿಮಗೂ ನಿಮ್ಮ ವಿದ್ಯಾರ್ಥಿಗಳಿಗೂ ಆಗುತ್ತದೆ. ಫ್ಲೋರೈಡ್ ಅಯಾನು ಎಲೆಕ್ಟ್ರೋಡ್ ಮತ್ತು ಮೀಟರ್ ಕಾಲೇಜಿನ ಪಾಲಿನ ಹಣದಲ್ಲೇ ಬರುತ್ತವೆ, ಹೀರಿಕೆಯ ಪ್ರಯೋಗಗಳೆಲ್ಲ ಅಲ್ಲಿಯೇ ನಡೆಯಲಿ, ಬಳಸುವ ಮೊದಲು ಮತ್ತು ಬಳಸಿದ ಮೇಲೆ ವಸ್ತುವಿನ ಮೇಲ್ಮೈ ಹೇಗೆ ಬದಲಾಯಿತು ಎಂಬುದನ್ನು ನೋಡಲು ಮಾತ್ರ ಆತಿಥೇಯ ಸಂಸ್ಥೆಗೆ ಬನ್ನಿ.

ಪತ್ರ ಒಂದು ಪುಟ ಮೀರದಿರಲಿ. ಆ ಪ್ರಾಧ್ಯಾಪಕರ ಒಂದು ಪ್ರಬಂಧವನ್ನು ನಿಜವಾಗಿ ಓದಿ, ಅದರಲ್ಲಿ ಉಳಿದಿರುವ ಒಂದು ಪ್ರಶ್ನೆಯನ್ನು ಎತ್ತಿ, ನಾಲ್ಕೈದು ಬಾವಿಗಳ ಪ್ರಾಥಮಿಕ ಅಳತೆಗಳನ್ನು ಲಗತ್ತಿಸಿದರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ದೊಡ್ಡ ಹೆಸರಿಗಿಂತ, ವಾರಕ್ಕೊಮ್ಮೆ ನಿಮ್ಮ ದತ್ತಾಂಶವನ್ನು ತಾವೇ ನೋಡುವ ಪುರುಸೊತ್ತಿರುವವರನ್ನು ಆರಿಸಿಕೊಳ್ಳಿ.

ಉತ್ತರ 3: ಅತಿಥಿ ಉಪನ್ಯಾಸಕಿ

ಮೇಲಿನ ಉತ್ತರಗಳು ಬಹಳ ಉಪಯುಕ್ತವಾಗಿವೆ. ಒಂದು ಮಾತನ್ನು ಸೇರಿಸಲೇಬೇಕು: ಟೇರ್ ಖಾಯಂ ಹುದ್ದೆಯವರಿಗೆ ಮಾತ್ರ. ನಾನು ಪಿಎಚ್‌.ಡಿ. ಮುಗಿಸಿ ವರ್ಷಗಟ್ಟಲೆ ಅತಿಥಿ ಉಪನ್ಯಾಸಕಿಯಾಗಿ ಅದೇ ಪಾಠಗಳನ್ನು ಮಾಡುತ್ತಿದ್ದರೂ ಅರ್ಜಿ ಹಾಕುವಂತಿಲ್ಲ. ನಮ್ಮ ಪದವಿ ಕಾಲೇಜುಗಳ ಬೋಧನೆಯ ದೊಡ್ಡ ಭಾರ ಅತಿಥಿ ಉಪನ್ಯಾಸಕರ ಮೇಲೆಯೇ ಇರುವಾಗ ಇದು ಸರಿಯಲ್ಲ ಎಂದು ನನಗೆ ತೋರುತ್ತದೆ. ಸರ್, ನಿಮಗೆ ಫೆಲೋಶಿಪ್ ದೊರೆತರೆ ನಿಮ್ಮ ವಿಭಾಗದ ಅತಿಥಿ ಉಪನ್ಯಾಸಕರನ್ನೂ ನೀರಿನ ಅಳತೆಯ ಕೆಲಸದಲ್ಲಿ, ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಸೇರಿಸಿಕೊಳ್ಳಿ.

ಉತ್ತರ 1ರ ಲೇಖಕಿಯಿಂದ ಮತ್ತೆ

ಮೇಡಂ ಹೇಳಿದ್ದು ನ್ಯಾಯವಾದ ಮಾತು. ಪ್ರಶ್ನೆ ಕೇಳಿದವರಿಗೆ ಇನ್ನೊಂದು ಸಲಹೆ: ಮೂರು ವರ್ಷಕ್ಕೆ ಕೈ ಹಾಕುವ ಮೊದಲು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ ನೋಡಬಹುದು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯೂ ಅವುಗಳಲ್ಲಿ ಒಂದು. ವಿದ್ಯಾರ್ಥಿಗಳ ಜೊತೆಗೆ ಅಧ್ಯಾಪಕರಿಗೂ ಅದರಲ್ಲಿ ಅವಕಾಶವಿದೆ. ನಾನು ನನ್ನ ಮಾರ್ಗದರ್ಶಕರನ್ನು ಕಂಡುಕೊಂಡದ್ದು ಅಂಥ ಎರಡು ತಿಂಗಳಲ್ಲೇ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನನ್ನ ಪತ್ರವನ್ನು ತೆರೆದು ಓದಿದೆ. ಅದರಲ್ಲಿ ಉಪಕರಣಗಳ ಪಟ್ಟಿಯೇ ಅರ್ಧ ಪುಟವಿತ್ತು. ನಮ್ಮ ವಿಭಾಗದ ಇಬ್ಬರು ಅತಿಥಿ ಉಪನ್ಯಾಸಕರೊಂದಿಗೆ ಇಂದು ಮಾತನಾಡಿದ್ದೇನೆ, ಇಬ್ಬರೂ ಒಪ್ಪಿದ್ದಾರೆ. ಬರುವ ಶನಿವಾರ ಅಂತಿಮ ವರ್ಷದ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಲೇಜಿನ ಸುತ್ತಲಿನ ಐದು ಊರುಗಳ ಕೊಳವೆಬಾವಿಗಳಿಂದ ನೀರು ಸಂಗ್ರಹಿಸುತ್ತೇವೆ. ಅಳತೆಗಳು ಕೈಗೆ ಬಂದ ಮೇಲೆ ಹೊಸ ಪತ್ರದ ಕರಡನ್ನು ಇಲ್ಲಿಯೇ ಹಾಕುತ್ತೇನೆ, ದಯವಿಟ್ಟು ತಿದ್ದಿಕೊಡಿ.